ಈಲಿ ತುಂಬಿಸುವ ಕೈ

ಬಾತುಕೋಳಿಯ ಈಲಿ, ಅಂದರೆ ಲಿವರ್, ಊದುವುದು ಕೊಬ್ಬು ತಿಂದಲ್ಲ, ಜೋಳ ತಿಂದು. ಈ ಮಾತನ್ನು ಗ್ಯಾಸ್ಕನಿ ಸೀಮೆಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೊಯೆಲಿ ಒಂಬತ್ತನೇ ವಯಸ್ಸಿಗೇ ಮಣೆಯ ಮೇಲೆ ಕೂತು, ಹಕ್ಕಿಯನ್ನು ತೊಡೆಗಳ ನಡುವೆ ಒತ್ತಿ ಹಿಡಿದು, ಕೊಕ್ಕು ಬಿಡಿಸಿ ಗಂಟಲಿಗೆ ಆಲಿಕೆ ಇಳಿಸುವುದನ್ನು ಕಲಿತವಳು. ಈಗ ಅವಳಿಗೆ ಎಪ್ಪತ್ತೊಂದು. ದಿನಕ್ಕೆರಡು ಸಲ, ಹನ್ನೆರಡು ದಿನ, ಬೆಂದ ಮೆಕ್ಕೆಜೋಳ. ಹದಿಮೂರನೇ ದಿನ ಕತ್ತಿ. ಹಕ್ಕಿ ನಾಲ್ಕು ಹೆಜ್ಜೆಗೇ ಏದುಸಿರು ಬಿಟ್ಟರೆ "ಇದು ಆಯ್ತು, ಎತ್ಕೊಳ್ಳಿ" ಅನ್ನುತ್ತಿದ್ದಳು. ಸೀಳಿ ನೋಡಿದರೆ ಆಗಿಯೇ ಇರುತ್ತಿತ್ತು. ಸಂತೆಯಲ್ಲಿ ಆ ಊದಿದ ಈಲಿ ಕೊಳ್ಳಲು ಅವಳ ಮೇಜಿನ ಮುಂದೆ ಗಿರಾಕಿಗಳು ಕಾದು ನಿಲ್ಲುತ್ತಿದ್ದರು. ಅದರ ಸೊಕ್ಕೂ ಅವಳಿಗೆ ಕಡಿಮೆ ಇರಲಿಲ್ಲ.

ಮನೆಯಲ್ಲಿ ನಾಲ್ಕೇ ಜನ. ನೊಯೆಲಿ, ಅವಳ ಒಬ್ಬನೇ ಮಗ ರೆಜಿಸ್, ಸೊಸೆ ಸೆವ್ರಿನ್, ಮೊಮ್ಮಗಳು ರೊಮಾನ್. ಗಂಡ ಹೋಗಿ ಇಪ್ಪತ್ತು ವರ್ಷವಾಗಿತ್ತು. ಹರ್ನಿಯಾದ ಸಣ್ಣ ಆಪರೇಷನ್ ಎಂದು ತಾನೇ ಕಾರು ಓಡಿಸಿಕೊಂಡು ಹೋದ ಮನುಷ್ಯ ಪೆಟ್ಟಿಗೆಯಲ್ಲಿ ವಾಪಸು ಬಂದ. ಅಂದಿನಿಂದ ನೊಯೆಲಿಯ ಲೆಕ್ಕದಲ್ಲಿ ಕತ್ತಿ ಎನ್ನುವುದು ಹಕ್ಕಿಗೆ ಸರಿ, ಮನುಷ್ಯರಿಗಲ್ಲ.

ಸೊಸೆ ಉತ್ತರದ ಕಡೆಯವಳು, ಬೆಣ್ಣೆಯಲ್ಲಿ ಅಡುಗೆ ಮಾಡುವ ಸೀಮೆಯವಳು. ಬಂದು ಹತ್ತೊಂಬತ್ತು ವರ್ಷವಾದರೂ ನೊಯೆಲಿಗೆ ಅವಳು ಹೊರಗಿನವಳೇ. ಈಗ ಆರು ವರ್ಷದಿಂದ ಅವಳಿಗೆ ಒಂದು ಕೆಟ್ಟ ರೋಗ ಹಿಡಿದಿತ್ತು. ಪಿತ್ತ ಹರಿಯುವ ನಾಳಗಳು ಒಂದೊಂದಾಗಿ ಮುಚ್ಚಿಕೊಂಡು, ಈಲಿ ಒಳಗಿನಿಂದಲೇ ಗಟ್ಟಿಯಾಗುತ್ತ ಬಂದಿತ್ತು. ಕಣ್ಣು ಹಳದಿ, ಮೈ ಹಳದಿ, ಮೈತುಂಬ ತುರಿಕೆ. ಊಟದ ಮೇಜಿನಲ್ಲೂ ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಕೆರೆತ.

"ಹಳದಿ ಜೋಳ ತಿನ್ನಿಸಿದ ಹಕ್ಕಿ ಇದೇ ಬಣ್ಣಕ್ಕೆ ಬರೋದು," ಎಂದು ನೊಯೆಲಿ ಅವಳೆದುರೇ ಅನ್ನುತ್ತಿದ್ದಳು. ಸೆವ್ರಿನ್ ಕೂಡ ಬಾಯಿ ಸತ್ತವಳಲ್ಲ. "ಕುಯ್ಯೋಕೆ ದಿನ ನೋಡಿ ಇಟ್ಟಿದ್ದೀರಾ ಅತ್ತೆ?" ಎಂದು ಕೇಳುತ್ತಿದ್ದಳು.

ಫೆಬ್ರವರಿಯಲ್ಲಿ ತುಲೂಸಿನ ದೊಡ್ಡಾಸ್ಪತ್ರೆಗೆ ನೊಯೆಲಿ, ಮಗ, ಸೊಸೆ ಮೂವರೂ ಹೋದರು. ಡಾಕ್ಟರ್ ವೆರ್ದಿಯೆ ಎಂಬ ಹೆಂಗಸು ಸುತ್ತಿ ಬಳಸಿ ಮಾತಾಡಲಿಲ್ಲ. ಸತ್ತವರ ಲಿವರ್‌ಗಾಗಿ ಕಾಯುವವರ ಪಟ್ಟಿಯಲ್ಲಿ ಸೆವ್ರಿನ್ ಬಹಳ ಕೆಳಗಿದ್ದಳು. ಪಾಳಿ ಬರುವ ಹೊತ್ತಿಗೆ ಅವಳಿರುವುದಿಲ್ಲ. ಬೇಸಿಗೆ ದಾಟಿದರೆ ಅವಳ ಮೈಗೇ ಆಪರೇಷನ್ ತಡೆಯುವ ಶಕ್ತಿ ಇರುವುದಿಲ್ಲ. ಉಳಿದದ್ದು ಒಂದೇ ದಾರಿ: ಬದುಕಿರುವವರು ಯಾರಾದರೂ ತಮ್ಮ ಲಿವರ್‌ನಲ್ಲಿ ಅರ್ಧ ಕೊಡಬೇಕು. ಕೊಟ್ಟವರಿಗೆ ಅದು ಮತ್ತೆ ಬೆಳೆದುಕೊಳ್ಳುತ್ತದೆ. ರೆಜಿಸ್‌ನ ರಕ್ತದ ಗುಂಪು ಹೊಂದಿತ್ತು.

"ನಾನು ಕೊಡ್ತೀನಿ," ಎಂದ ರೆಜಿಸ್. ಹೆಂಡತಿಯ ಕೈ ಹಿಡಿದುಕೊಂಡೇ ಅಂದ.

ನೊಯೆಲಿ ಮಗನ ಅಂಗಿಯ ತೋಳು ಹಿಡಿದುಕೊಂಡಳು.

"ಕೊಡೋಕೆ ಒಂದು ತೊಡಕಿದೆ," ಎಂದರು ಡಾಕ್ಟರ್, ಕಾಗದ ತಿರುಗಿಸಿ. "ನಿಮ್ಮ ಲಿವರ್‌ನಲ್ಲೇ ಕೊಬ್ಬು ಕೂತಿದೆ. ನೂರಕ್ಕೆ ಮೂವತ್ತೈದು ಪಾಲು. ಎಎಲ್‌ಟಿ ಅನ್ನೋ ಎಂಜೈಮು ತೊಂಬತ್ತೆರಡು ಇದೆ, ನಲವತ್ತೈದರ ಒಳಗಿರಬೇಕು. ನೋಡಿ, ಲಿವರ್ ಒಳಗೆ ಕೆಲವು ಎಂಜೈಮುಗಳು ಸಕ್ಕರೆ, ಪಿಷ್ಟ ತಗೊಂಡು ಕೊಬ್ಬು ಮಾಡ್ತವೆ. ಇನ್ನು ಕೆಲವು ಆ ಕೊಬ್ಬನ್ನ ಸುಡ್ತವೆ. ಮಾಡೋದು ಜಾಸ್ತಿಯಾಗಿ ಸುಡೋದು ಕಡಿಮೆಯಾದ್ರೆ ಅದು ಅಲ್ಲೇ ತುಂಬ್ಕೊಳ್ಳುತ್ತೆ. ತುಂಬಿ ತುಂಬಿ ಕೋಶಗಳು ಒಡೆದಾಗ ಎಎಲ್‌ಟಿ ರಕ್ತಕ್ಕೆ ಸೋರುತ್ತೆ. ಇಂಥ ಲಿವರ್ ಕತ್ತರಿಸಿದ್ರೆ ಕೊಟ್ಟವರಿಗೂ ಅಪಾಯ, ತಗೊಂಡವರಿಗೂ ಅಪಾಯ."

ಇಷ್ಟು ತಿಳಿಯೋಕೆ ಈ ಯಮ್ಮ ಹತ್ತು ವರ್ಷ ಓದಬೇಕಾಯಿತೇ ಎಂದುಕೊಂಡಳು ನೊಯೆಲಿ.

"ಕಮ್ಮಿ ಆಗಲ್ವಾ ಡಾಕ್ಟ್ರೇ?" ಎಂದಳು ಸೆವ್ರಿನ್.

"ಆಗುತ್ತೆ. ಎಂಟು ವಾರ ಪಥ್ಯ, ದಿನಾ ನಡಿಗೆ, ಒಂದು ತೊಟ್ಟೂ ವೈನ್ ಇಲ್ಲ. ಲಿವರ್ ಬೇಗ ಹಗುರ ಆಗುತ್ತೆ. ಎಂಟು ವಾರಕ್ಕೆ ನೋಡೋಣ. ಆಮೇಲೆ ಜಡ್ಜ್ ಮುಂದೆ ಹೋಗಿ, ನಾನು ನನ್ನ ಇಷ್ಟದಿಂದ್ಲೇ ಕೊಡ್ತಿದ್ದೀನಿ ಅಂತ ನೀವೇ ಬಾಯ್ಬಿಟ್ಟು ಹೇಳ್ಬೇಕು. ಅದು ಕಾನೂನು."

ನೊಯೆಲಿ ಒಂದೇ ಪ್ರಶ್ನೆ ಕೇಳಿದಳು. "ಹಗುರ ಆಗದೇ ಹೋದ್ರೆ?"

"ಆಗದೇ ಹೋದ್ರೆ ನಾವು ಅವರನ್ನ ಮುಟ್ಟಲ್ಲ," ಎಂದರು ಡಾಕ್ಟರ್.

ಮನೆಗೆ ಬರುವ ದಾರಿಯುದ್ದಕ್ಕೂ ನೊಯೆಲಿ ಕಾರಿನ ಹಿಂದಿನ ಸೀಟಿನಲ್ಲಿ ಕೂತು ಮಗನ ಕತ್ತನ್ನೇ ನೋಡುತ್ತಿದ್ದಳು. ನಲವತ್ತಮೂರು ವರ್ಷದ ದಪ್ಪ ಕತ್ತು. ಆಸ್ಪತ್ರೆಯವರು ಮುಟ್ಟುವುದಿಲ್ಲ ಎಂಬ ಮಾತು ಅವಳ ಕಿವಿಯಲ್ಲಿ ಚೆನ್ನಾಗಿ ಕೂತುಬಿಟ್ಟಿತ್ತು.

ಮರುದಿನವೇ ಸೆವ್ರಿನ್ ಅಡುಗೆಮನೆ ಖಾಲಿ ಮಾಡಿದಳು. ಬಾತಿನ ಕೊಬ್ಬಿನ ಜಾಡಿಗಳು, ಸಾಸೇಜು, ಕೊಬ್ಬಿನಲ್ಲಿ ಹೂತಿಟ್ಟ ತೊಡೆಗಳು ಎಲ್ಲ ನೆಲಮಾಳಿಗೆಗೆ ಹೋಗಿ ಬೀಗ ಬಿತ್ತು. ಆಸ್ಪತ್ರೆಯ ಪಥ್ಯದ ಪಟ್ಟಿ ಗೋಡೆಗೆ ಬಂತು. ಮಧ್ಯಾಹ್ನ ಬೇಯಿಸಿದ ಈರುಳ್ಳಿಸೊಪ್ಪು, ಅವರೆಬೀಜ, ಒಂದು ತುಂಡು ಮೀನು.

"ಇದೇನು, ಯಾರಾದ್ರೂ ಸತ್ತಿದ್ದಾರಾ ಮನೇಲಿ?" ಎಂದಳು ನೊಯೆಲಿ ತಟ್ಟೆ ನೋಡಿ.

"ಸಾಯ್ಬಾರ್ದು ಅಂತಲೇ ಅತ್ತೆ ಇದು."

"ದುಡಿಯೋ ಗಂಡಸಿಗೆ ಹುಲ್ಲು ಹಾಕ್ತಾ ಇದ್ದೀಯ."

"ಎಂಟು ವಾರ ಹುಲ್ಲು ತಿಂದ್ರೆ ನಿಮ್ಮ ಮಗ ಕತ್ತೆ ಆಗಲ್ಲ. ನೀವು ಬೇಕಾದ್ರೆ ಬೇರೆ ಮಾಡ್ಕೊಳ್ಳಿ."

"ಅಜ್ಜಿ, ಸುಮ್ನೆ ತಿನ್ನು," ಎಂದಳು ರೊಮಾನ್. ಅವಳಿಗೆ ಏಪ್ರಿಲ್‌ಗೆ ಹದಿನೆಂಟು ತುಂಬುವುದರಲ್ಲಿತ್ತು. ಕಡ್ಡಿಯಂಥ ಹುಡುಗಿ. ಬೆಳಿಗ್ಗೆ ಎದ್ದರೆ ಹೊಲದ ಬದಿಯ ರಸ್ತೆಯಲ್ಲಿ ಎಂಟು ಕಿಲೋಮೀಟರ್ ಓಡಿ ಬಂದು ಶಾಲೆಯ ಬಸ್ಸು ಹಿಡಿಯುವವಳು. ನೊಯೆಲಿಗೆ ಈ ಮನೆಯಲ್ಲಿ ಯಾರ ಮೇಲಾದರೂ ಕರುಳು ಕರಗುತ್ತಿದ್ದರೆ ಇವಳ ಮೇಲೆ. ಅದಕ್ಕೇ ಅವಳ ಮಾತಿಗೆ ಬಾಯಿ ಮುಚ್ಚಿಕೊಂಡು ಈರುಳ್ಳಿಸೊಪ್ಪು ತಿಂದಳು. ರೆಜಿಸ್ ತಟ್ಟೆ ಒರೆಸಿಟ್ಟ ಹಾಗೆ ತಿಂದು, "ಚೆನ್ನಾಗಿದೆ ಸೆವ್ರಿನ್," ಎಂದ.

ನೊಯೆಲಿಯ ಕೆಲಸ ಮೂರನೇ ದಿನ ಶುರುವಾಯಿತು. ಹಕ್ಕಿಗಳಿಗೆ ತಿನ್ನಿಸುವ ಬೆಳಗಿನ ಸರದಿ ಮುಗಿಯುವ ಹೊತ್ತಿಗೆ ಹತ್ತು ಗಂಟೆ. ಕೊಟ್ಟಿಗೆಯ ಮೂಲೆಯಲ್ಲಿ ಹಕ್ಕಿಗಳ ಜೋಳ ಬೇಯಿಸುವ ಒಲೆ ಇತ್ತು. ಅದರ ಮೇಲೆ ಸಣ್ಣ ಪಾತ್ರೆ ಇಟ್ಟು, ಮೆಕ್ಕೆಜೋಳದ ಹಿಟ್ಟು, ನೀರು, ಕೈತುಂಬ ಸಕ್ಕರೆ, ಮೇಲೆ ಜೇನು ಹಾಕಿ ಆರ್ಮೊತ್ ಎಂಬ ಆ ಸೀಮೆಯ ಗಂಜಿ ಮಾಡಿದಳು. ಪಕ್ಕದಲ್ಲಿ ತಮ್ಮದೇ ತೋಟದ ಸಿಹಿ ದ್ರಾಕ್ಷಿರಸ, ದೊಡ್ಡ ಲೋಟದಲ್ಲಿ. ವೈನ್ ಮಾತ್ರ ಕೊಡಲಿಲ್ಲ. ವೈನ್ ಕುಡಿದರೆ ರಕ್ತದಲ್ಲಿ ಬೇರೆ ಎಂಜೈಮು ಏರಿ ಗುಟ್ಟು ಬಯಲಾಗುತ್ತದೆ ಎಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರೋ ಅಂದದ್ದನ್ನು ಕೇಳಿಸಿಕೊಂಡಿದ್ದಳು. ಎಂಥ ಮುದುಕಿ ನೋಡಿ.

ಕೊಟ್ಟಿಗೆ ಗುಡಿಸಲು ಬಂದ ರೆಜಿಸ್ ಬಾಗಿಲಲ್ಲೇ ನಿಂತ. "ಏನಮ್ಮ ಇದು?"

"ಗಂಜಿ ಕಣೋ. ಬರೀ ಜೋಳ, ನೀರು. ಒಂದು ತೊಟ್ಟು ಕೊಬ್ಬಿಲ್ಲ ಇದರಲ್ಲಿ, ಬೇಕಾದ್ರೆ ಮೂಸಿ ನೋಡು. ಕೊಬ್ಬು ತಾನೇ ಬೇಡ ಅಂದದ್ದು ಡಾಕ್ಟ್ರು?"

"ಸೆವ್ರಿನ್‌ಗೆ ಗೊತ್ತಾದ್ರೆ..."

"ಯಾರು ಹೇಳ್ತಾರೆ? ಬಾತು ಹೇಳ್ತಾವಾ?"

ರೆಜಿಸ್ ಒಂದು ಗಳಿಗೆ ಪಾತ್ರೆ ನೋಡಿದ. ಆಮೇಲೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು ತಿಂದ. ತಲೆ ಎತ್ತದೆ ತಿಂದ. ನೊಯೆಲಿ ಇನ್ನೊಂದು ಸೌಟು ಬಡಿಸಿದಳು, ಅದನ್ನೂ ತಿಂದ. ಪಾಪ, ಹುಡುಗನಿಗೆ ಏನೂ ಗೊತ್ತಿಲ್ಲ, ಹಸಿವು ಅಷ್ಟೇ ಎಂದುಕೊಂಡು ಅವಳು ಸೊಂಟಕ್ಕೆ ಕಟ್ಟಿದ್ದ ಏಪ್ರನ್ನಿನಲ್ಲಿ ಮಗನ ಬಾಯಿ ಒರೆಸಿದಳು. ಮರುದಿನ ಅವನು ಹತ್ತಕ್ಕೆ ಸರಿಯಾಗಿ ಬಂದ. ಎರಡನೇ ವಾರ ಹತ್ತು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗಲೇ ಬರತೊಡಗಿದ.

ಮನೆಯೊಳಗೆ ಸೆವ್ರಿನ್ ದಿನಾ ಸಂಜೆ ಗಂಡನನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಿದ್ದಳು. ಮುಳ್ಳು ಕೆಳಗೆ ಇಳಿಯುತ್ತಿರಲಿಲ್ಲ. ಇವನು ಕದ್ದು ತಿನ್ನುತ್ತಾನೆಂದು ಜೇಬು ಜಾಲಾಡಿದಳು, ಕಾರಿನ ಡಿಕ್ಕಿ ಹುಡುಕಿದಳು, ಏನೂ ಸಿಗಲಿಲ್ಲ. ಎಣ್ಣೆಯನ್ನು ಇನ್ನೂ ಅರ್ಧ ಮಾಡಿದಳು. ಮೊಟ್ಟೆಯ ಹಳದಿ ತೆಗೆದಳು. ಕೊನೆಗೆ ಹಾಲಿನ ಕೆನೆಯನ್ನೂ ತೆಗೆದಳು. ಕೊಬ್ಬು ಒಂದೊಂದೇ ಚೂರು ಮನೆಯಿಂದ ಹೊರಗೆ ಹೋಗುತ್ತಿದ್ದುದನ್ನು ನೋಡಿ ನೊಯೆಲಿಗೆ ಒಳಗೊಳಗೇ ನಗು. ಹತ್ತೊಂಬತ್ತು ವರ್ಷ ಈ ಅಂಗಳದಲ್ಲಿ ಓಡಾಡಿಯೂ ಈಲಿ ಯಾವುದರಿಂದ ತುಂಬುತ್ತದೆಂದು ಕಲಿಯದವಳಿಗೆ ಯಾರು ಏನು ಮಾಡಲು ಸಾಧ್ಯ?

ನಾಲ್ಕನೇ ವಾರದ ರಕ್ತಪರೀಕ್ಷೆಯ ಕಾಗದ ಬಂದದ್ದು ಮಧ್ಯಾಹ್ನದ ಊಟಕ್ಕೆ ಕೂತಾಗ. ರೊಮಾನ್ ಫೋನಿನಲ್ಲಿ ತೆಗೆದು ಓದಿದಳು.

"ಎಎಲ್‌ಟಿ ನೂರ ಹದಿನೆಂಟು."

"ಸರಿಯಾಗಿ ನೋಡೇ," ಎಂದಳು ಸೆವ್ರಿನ್.

"ನೂರ ಹದಿನೆಂಟೇ ಅಮ್ಮ. ಮುಂಚೆ ತೊಂಬತ್ತೆರಡಿತ್ತು."

ಸೆವ್ರಿನ್ ಚಮಚ ಕೆಳಗಿಟ್ಟಳು. ಮುಂಗೈ ಕೆರೆದುಕೊಂಡಳು, ಕೆರೆದಲ್ಲಿ ರಕ್ತ ಬಂತು. "ಎಲ್ಲಿ ತಿಂತಿದ್ದೀಯ ರೆಜಿಸ್?"

"ಎಲ್ಲೂ ಇಲ್ಲ."

"ಮತ್ತೆ ಇದು ಗಾಳಿ ಕುಡಿದು ಏರಿತಾ? ನನ್ನ ಕಣ್ಣು ನೋಡಿ ಹೇಳು."

"ನಿನ್ನೆದುರಿಗೇ ತಾನೇ ತಿನ್ನೋದು? ಹುಲ್ಲು, ಬೀಜ, ಮೀನು. ಇನ್ನೇನು ಮಾಡ್ಲಿ ನಾನು?"

"ಅವನ ಮೈಯೇ ಹಾಗೆ," ಎಂದು ನೊಯೆಲಿ ಬ್ರೆಡ್ಡು ಮುರಿದಳು. "ಅವರಪ್ಪನದೂ ಹಾಗೇ ಇತ್ತು. ಕೆಲವರ ಲಿವರ್ ನೀರು ಕುಡಿದ್ರೂ ತುಂಬ್ಕೊಳ್ಳುತ್ತೆ. ದೇವರು ಕೊಟ್ಟಿದ್ದನ್ನ ನೀನು ಪಟ್ಟಿ ಬರೆದು ತಿದ್ದೋಕಾಗುತ್ತಾ?"

"ನಿಮ್ಮನ್ನ ಕೇಳಲಿಲ್ಲ."

"ನನ್ನ ಮನೆ, ನನ್ನ ಮಗ. ಕೇಳದಿದ್ರೂ ಹೇಳ್ತೀನಿ. ಅವನ ಹೊಟ್ಟೆ ಬಗೆದು ನೀನು ಬದುಕ್ಬೇಕಾ?"

"ಹೌದು," ಎಂದಳು ಸೆವ್ರಿನ್. ನಲವತ್ತೊಂದು ವರ್ಷದ ಹೆಂಗಸು ಮೇಜಿನ ಅಂಚು ಹಿಡಿದುಕೊಂಡು ಹೇಳಿದಳು. "ಬದುಕ್ಬೇಕು. ನಾಚಿಕೆ ಇಲ್ಲದೆ ಹೇಳ್ತಿದ್ದೀನಿ, ಬದುಕ್ಬೇಕು."

ರೊಮಾನ್ ಎದ್ದು ಅಮ್ಮನ ಮುಂಗೈಗೆ ಬಟ್ಟೆ ಕಟ್ಟಿದಳು. ರೆಜಿಸ್ ತಲೆ ಬಗ್ಗಿಸಿ ಕೂತಿದ್ದ. ಮಗನ ಆ ಬಗ್ಗಿದ ತಲೆ ನೋಡಿ ನೊಯೆಲಿಗೆ ಸಂಕಟವಾಯಿತು, ಆದರೆ ಮರುದಿನ ಗಂಜಿಗೆ ಇನ್ನೊಂದು ಹಿಡಿ ಸಕ್ಕರೆ ಬಿತ್ತು. ಐದನೇ ವಾರದಲ್ಲಿ ಅವನು ಮೆಟ್ಟಿಲು ಹತ್ತಿ ಬಂದು ಬಾಗಿಲಿಗೆ ಒರಗಿ ಏದುಸಿರು ಬಿಟ್ಟ. ಅವಳು ಅದನ್ನು ಕೇಳಿಸಿಕೊಂಡು ನಿಟ್ಟುಸಿರಿಟ್ಟಳು. ಮಗ ಉಳಿದ.

ಎಂಟನೇ ವಾರಕ್ಕೆ ಎಎಲ್‌ಟಿ ನೂರ ನಲವತ್ತೊಂದು, ಕೊಬ್ಬು ನೂರಕ್ಕೆ ನಲವತ್ತನಾಲ್ಕು. ಡಾಕ್ಟರ್ ವೆರ್ದಿಯೆ ಫೋನಿನಲ್ಲೇ ಹೇಳಿದರು, ರೆಜಿಸ್‌ನಿಂದ ಆಗುವುದಿಲ್ಲ. ಸೆವ್ರಿನ್ ಫೋನಿಟ್ಟು, ಹಿತ್ತಲಿಗೆ ಹೋಗಿ, ಒಣಹಾಕಿದ್ದ ಬಟ್ಟೆಗಳನ್ನು ಒಂದೊಂದಾಗಿ ಮಡಿಸಿ ತಂದಳು. ಅಳಲಿಲ್ಲ. ಆ ವಾರವೇ ಅವಳಿಗೆ ಜ್ವರ ಬಂದು, ಆಸ್ಪತ್ರೆಯಲ್ಲಿ ನಾಲ್ಕು ದಿನ ಮಲಗಿ, ಇನ್ನಷ್ಟು ಹಳದಿಯಾಗಿ ಬಂದಳು.

ಏಪ್ರಿಲ್ ಹತ್ತೊಂಬತ್ತಕ್ಕೆ ರೊಮಾನ್‌ಗೆ ಹದಿನೆಂಟು ತುಂಬಿತು. ನೊಯೆಲಿ ಬೆಳಿಗ್ಗೆಯೇ ಕಾಗದದಷ್ಟು ತೆಳು ಹಿಟ್ಟಿನ ಪದರಗಳ ನಡುವೆ ಸೇಬು ತುಂಬಿ ಸುಟ್ಟ ಕಡುಬು ಮಾಡಿ ಮೇಜಿನ ಮಧ್ಯೆ ಇಟ್ಟಿದ್ದಳು. ಹುಡುಗಿ ಮೋಂಬತ್ತಿ ಆರಿಸಿ, ಕಡುಬನ್ನು ಮುಟ್ಟದೆ, ಜೇಬಿನಿಂದ ಒಂದು ಕಾಗದ ತೆಗೆದಳು.

"ಡಾಕ್ಟ್ರ ಹತ್ರ ಹೋದ ತಿಂಗಳೇ ಮಾತಾಡಿದ್ದೆ. ಹದಿನೆಂಟು ತುಂಬೋವರೆಗೂ ಹೆಸರು ಬರ್ಕೊಳ್ಳಲ್ಲ ಅಂದ್ರು. ಇವತ್ತು ತುಂಬ್ತು. ಸೋಮವಾರ ಪರೀಕ್ಷೆ ಶುರು."

"ಯಾವ ಪರೀಕ್ಷೆ?" ಎಂದಳು ನೊಯೆಲಿ.

"ಅಮ್ಮನಿಗೆ ನಾನು ಕೊಡ್ತೀನಿ ಅಜ್ಜಿ. ಅಪ್ಪನಿಂದ ಆಗ್ಲಿಲ್ವಲ್ಲ."

ನೊಯೆಲಿಯ ಕೈಯಲ್ಲಿದ್ದ ಚಾಕು ಕಡುಬಿನೊಳಗೇ ಉಳಿಯಿತು. ಅಯ್ಯೋ ದೇವರೇ, ಇದು ಅವಳ ತಲೆಗೆ ಒಂದು ದಿನವೂ ಹೊಳೆದಿರಲಿಲ್ಲ. ಮಗನಿಂದ ಆಗದಿದ್ದರೆ ಸೊಸೆಯ ಕಥೆ ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದಳು. ಈ ಕಡ್ಡಿಯಂಥ ಹುಡುಗಿಯನ್ನು ಅವಳು ಇನ್ನೂ ಮಗುವೆಂದೇ ಎಣಿಸಿದ್ದಳು.

"ಬೇಡ," ಎಂದಳು ಸೆವ್ರಿನ್. "ನಿನ್ನದು ಬೇಡ. ನಾನು ಒಪ್ಪಲ್ಲ."

ಮೂರು ದಿನ ಹಾಗೇ ಅಂದಳು. ನಾಲ್ಕನೇ ದಿನ ಮೈಕೈ ಕೆರೆದುಕೊಳ್ಳುತ್ತ ಸುಮ್ಮನಾದಳು. ಬದುಕುವ ಆಸೆ ಅಷ್ಟು ಕೆಟ್ಟದ್ದು.

ನೊಯೆಲಿ ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಮತ್ತೆ ಹಿಡಿದಳು. ಹುಡುಗಿ ಓಡಿ ಬರುವ ಹೊತ್ತಿಗೆ ಬಿಸಿಬಿಸಿ ಗಂಜಿ, ಜೇನು, ರಸ.

"ಒಂದು ತುತ್ತು ತಿನ್ನೇ ಮಗಳೇ, ಒಣಗಿ ಹೋಗಿದ್ದೀಯ."

"ಪಟ್ಟಿಯಲ್ಲಿಲ್ಲ ಅಜ್ಜಿ."

"ನಿನಗೆ ಯಾವ ಪಟ್ಟಿ? ನೀನೇ ಕಡ್ಡಿ."

"ನನ್ನ ಲಿವರ್ ಅಮ್ಮನಿಗೆ ಹೋಗ್ಬೇಕು. ಕೊಳಕು ಮಾಡಿ ಕೊಡ್ಲಾ?"

ನೊಯೆಲಿ ಸೂಪಿಗೆ ಸಕ್ಕರೆ ಬೆರೆಸಿದಳು. ರೊಮಾನ್ ಒಂದು ಚಮಚ ಕುಡಿದು ಸಿಂಕಿಗೆ ಚೆಲ್ಲಿ, "ಅಜ್ಜಿಗೆ ಈಗೀಗ ಕೈ ಹದ ತಪ್ಪಿದೆ," ಎಂದು ನಕ್ಕಳು. ಪರೀಕ್ಷೆಗಳ ಕಾಗದ ಬಂತು. ಎಎಲ್‌ಟಿ ಹದಿನೇಳು. ಕೊಬ್ಬು ನೂರಕ್ಕೆ ಎರಡು. ರಕ್ತದ ಗುಂಪು ಹೊಂದಿತು. ಡಾಕ್ಟರು ಇಷ್ಟು ಒಳ್ಳೆಯ ಲಿವರ್ ಅಪರೂಪ ಅಂದರಂತೆ. ಹದಿನೇಳು ಎಂಬ ಅಂಕೆ ಕೇಳಿ ನೊಯೆಲಿ ಕೊಟ್ಟಿಗೆಗೆ ಹೋಗಿ ಮಣೆಯ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು.

ಮರುದಿನ ಗುಟ್ಟಾಗಿ ಆಸ್ಪತ್ರೆಗೆ ಫೋನು ಮಾಡಿ, ನನ್ನದು ತೆಗೆದುಕೊಳ್ಳಿ ಎಂದಳು. ನನ್ನ ಮೈಯಲ್ಲಿ ಒಂದು ಚೂರು ಕೊಬ್ಬಿಲ್ಲ, ನಾನು ಮಾಡಿದ್ದನ್ನು ನಾನು ತಿಂದವಳಲ್ಲ ಎಂದು ಗೋಗರೆದಳು. ನಿಮಗೆ ಎಪ್ಪತ್ತೊಂದು ಅಮ್ಮ, ಆಗುವುದಿಲ್ಲ ಎಂದು ಆ ಕಡೆಯ ನರ್ಸು ಮೆತ್ತಗೆ ಹೇಳಿದಳು.

ಮೇ ತಿಂಗಳ ಕೊನೆಯ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಓಷ್ ಪಟ್ಟಣದ ನ್ಯಾಯಾಲಯದಲ್ಲಿ ರೊಮಾನ್ ಜಡ್ಜ್ ಮುಂದೆ ನಿಲ್ಲಬೇಕಿತ್ತು. ಆಪರೇಷನ್ನು ಗುರುವಾರ. ಹಿಂದಿನ ದಿನ, ಭಾನುವಾರದ ಊಟಕ್ಕೆ ನಾಲ್ವರೂ ಕೂತಿದ್ದರು. ಸೆವ್ರಿನ್ ಗಂಡನಿಗೆ ಪಥ್ಯ ನಿಲ್ಲಿಸಿ ಆಗಲೇ ತಿಂಗಳಾಗಿತ್ತು. ನೆಲಮಾಳಿಗೆಯಿಂದ ಬಾತಿನ ತೊಡೆಗಳು ಮೇಲೆ ಬಂದಿದ್ದವು. ರೆಜಿಸ್ ಮೂಳೆ ಚೀಪುತ್ತಿದ್ದ.

ನೊಯೆಲಿ ತಟ್ಟೆ ದೂರ ತಳ್ಳಿದಳು. "ನಾನೊಂದು ಮಾತು ಹೇಳ್ಬೇಕು. ರೆಜಿಸ್‌ನ ಮೈ ಹಾಗಿಲ್ಲ. ನಾನೇ ಮಾಡಿದ್ದು."

ಯಾರಿಗೂ ಅರ್ಥವಾಗಲಿಲ್ಲ.

"ಎಂಟು ವಾರ, ದಿನಾ ಹತ್ತು ಗಂಟೆಗೆ, ಕೊಟ್ಟಿಗೇಲಿ ಜೋಳದ ಗಂಜಿ ಕೊಟ್ಟೆ. ಸಕ್ಕರೆ, ಜೇನು, ದ್ರಾಕ್ಷಿರಸ. ಹಕ್ಕಿಗೆ ತುಂಬಿಸಿದ ಹಾಗೆ ತುಂಬಿಸಿದೆ. ಅವನಿಗೆ ಏನೂ ಗೊತ್ತಿಲ್ಲ, ಪಾಪ. ತಪ್ಪು ನಂದು. ಈಗ ಕೇಳಿ. ತುಂಬಿಸಿದ ಹಕ್ಕೀನ ಕುಯ್ಯದೆ ಬಿಟ್ರೆ ಒಂದು ತಿಂಗಳಲ್ಲಿ ಅದರ ಈಲಿ ಮೊದಲಿನ ಹಾಗೆ ಆಗುತ್ತೆ, ನಾನು ಕಣ್ಣಾರೆ ನೋಡಿದ್ದೀನಿ. ಇವತ್ತಿಂದ ಅವನು ಬಾಯಿ ಕಟ್ಟಲಿ. ನಾಲ್ಕು ವಾರ, ಐದು ವಾರ. ಅವನೇ ಕೊಡ್ತಾನೆ. ಮಗು ಬೇಡ. ರೆಜಿಸ್, ಹೇಳೋ, ಕೊಡ್ತೀನಿ ಅನ್ನು."

ಸೆವ್ರಿನ್‌ನ ಕೆರೆತ ನಿಂತಿತು. ರೊಮಾನ್ ಅಜ್ಜಿಯನ್ನು ನೋಡಲಿಲ್ಲ, ಅಪ್ಪನನ್ನು ನೋಡಿದಳು.

"ಅಪ್ಪ, ನಿನಗೆ ಗೊತ್ತಿರ್ಲಿಲ್ವಾ?"

ರೆಜಿಸ್ ಬೆರಳು ಒರೆಸಿಕೊಂಡ. ಒಂದೊಂದೇ ಬೆರಳು, ನಿಧಾನವಾಗಿ.

"ಹೇಳಪ್ಪ."

"ಈ ಮನೇಲಿ ಹುಟ್ಟಿ ಬೆಳೆದೋನು ನಾನು," ಎಂದ ರೆಜಿಸ್. "ಜೋಳ ತಿಂದ್ರೆ ಏನಾಗುತ್ತೆ ಅಂತ ನನಗೆ ಗೊತ್ತಿಲ್ದೆ ಇರುತ್ತಾ?"

ನೊಯೆಲಿಗೆ ಮೊದಲು ಆ ಮಾತು ಒಳಗೇ ಇಳಿಯಲಿಲ್ಲ. ಹತ್ತು ನಿಮಿಷ ಮೊದಲೇ ಬಂದು ಬಕೆಟ್ಟಿನ ಮೇಲೆ ಕೂರುತ್ತಿದ್ದವನು, ತಾನಾಗಿ ಲೋಟ ಚಾಚುತ್ತಿದ್ದವನು, ಇವನೇ.

"ಹೆದರಿಕೆ ಆಯ್ತು," ಎಂದ ರೆಜಿಸ್. "ಡಾಕ್ಟ್ರಮ್ಮ ನನ್ನೊಬ್ಬನ್ನೇ ಕೂರಿಸ್ಕೊಂಡು ಕೇಳಿದ್ರು. ಬೇಡ ಅನ್ನಿಸಿದ್ರೆ ಹೇಳಿ, ನಾವೇ ಏನಾದ್ರೂ ನೆಪ ಹೇಳ್ತೀವಿ, ನಿಮ್ಮ ಹೆಂಡತಿಗೆ ಗೊತ್ತಾಗಲ್ಲ ಅಂದ್ರು. ಅವರ ಮುಂದೆ ಬಾಯೇ ಬರ್ಲಿಲ್ಲ. ಬೇಡ ಅಂತ ಹೇಗನ್ನೋದು? ಅಷ್ಟರಲ್ಲಿ ಅಮ್ಮ ಗಂಜಿ ಮಾಡಿದ್ಲು."

"ಈಗ ಕೊಡ್ತೀಯೇನೋ?" ನೊಯೆಲಿ ಮೇಜು ಗುದ್ದಿದಳು. "ಮಗು ಹೋಗ್ತಾ ಇದೆಯಲ್ಲೋ! ನಿನ್ನ ಮಗಳು!"

"ಈಗ ಟೈಮೆಲ್ಲಮ್ಮ ಇದೆ?" ಎಂದ ರೆಜಿಸ್. "ಡಾಕ್ಟ್ರೇ ಅಂದಿದ್ದಾರೆ, ಆ ಜ್ವರ ಆದ್ಮೇಲೆ ಸೆವ್ರಿನ್‌ಗೆ ಐದು ವಾರ ತಡೆಯೋಕಾಗಲ್ಲ ಅಂತ."

ಅದು ನಿಜವಾಗಿತ್ತು. ನಿಜವಾದದ್ದರಿಂದ ಅವನ ಮುಖದಲ್ಲಿ ಒಂದು ನೆಮ್ಮದಿಯೂ ಇತ್ತು, ಮುಚ್ಚಿಡಲು ಅವನಿಗೆ ಬರಲಿಲ್ಲ. ನೊಯೆಲಿ ಎದ್ದು ಮಗನ ಕೆನ್ನೆಗೆ ಬಾರಿಸಿದಳು. ನಲವತ್ತಮೂರು ವರ್ಷದವನು ಏಟು ತಿಂದು ಕೆನ್ನೆ ಉಜ್ಜಿಕೊಂಡ.

ಸೆವ್ರಿನ್ ನಕ್ಕಳು. ಹಳದಿ ಮುಖದಲ್ಲಿ ಆ ನಗು ನೋಡುವ ಹಾಗಿರಲಿಲ್ಲ. "ನಾನು ಹೊರಗಿನವಳು ಅತ್ತೆ, ನನ್ನನ್ನ ಸಾಯಿಸೋಕೆ ನೋಡಿದ್ರಿ, ಅದು ನನಗೆ ಅರ್ಥ ಆಗುತ್ತೆ. ಆದ್ರೆ ಇವನನ್ನ ಉಳಿಸ್ಕೊಂಡ್ರಲ್ಲ, ಇವನನ್ನ! ಇಟ್ಕೊಳ್ಳಿ. ಚೆನ್ನಾಗಿ ನೋಡ್ಕೊಳ್ಳಿ." ಮೇಜು ಹಿಡಿದುಕೊಂಡು ಎದ್ದಳು. "ರೊಮಾನ್, ನನ್ನ ಬಟ್ಟೆ ಎಲ್ಲಾ ತುಂಬ್ಕೋ. ಎಲ್ಲಾನೂ. ಹೋದ ಮೇಲೆ ಈ ಮನೆಗೆ ಬರೋದಿಲ್ಲ."

ಸೋಮವಾರ ಬೆಳಿಗ್ಗೆ ಏಳೂವರೆಗೆ ಬಾಡಿಗೆ ಕಾರು ಅಂಗಳಕ್ಕೆ ಬಂತು. ರೆಜಿಸ್ ಕೋಣೆಯಿಂದ ಹೊರಗೆ ಬರಲಿಲ್ಲ. ಸೆವ್ರಿನ್‌ಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ, ರೊಮಾನ್ ಎರಡು ಪೆಟ್ಟಿಗೆ ಡಿಕ್ಕಿಗೆ ಎತ್ತಿಟ್ಟಳು. ನೊಯೆಲಿ ಕೊಟ್ಟಿಗೆಯಿಂದ ಓಡಿಬಂದಳು. ಏಪ್ರನ್ನಿನ ತುಂಬ ಜೋಳದ ಹಿಟ್ಟು, ಕೈಯಲ್ಲಿ ಗರಿಗಳು. ಮೊಮ್ಮಗಳ ತೋಳು ಹಿಡಿದುಕೊಂಡಳು.

"ಹೋಗ್ಬೇಡ ಕಣೇ. ನಿನ್ನ ಕಾಲಿಗೆ ಬೀಳ್ತೀನಿ. ನಿಮ್ಮಜ್ಜ ಹೀಗೇ ಕಾರು ಹತ್ತಿ ಹೋಗಿದ್ದು."

"ಬಿಡು ಅಜ್ಜಿ, ಹೊತ್ತಾಯ್ತು."

"ನಿನಗಿನ್ನೂ ಹದಿನೆಂಟು. ನಿನಗೇನು ಗೊತ್ತು ಕತ್ತಿ ಅಂದ್ರೆ?"

ರೊಮಾನ್ ನಿಂತಳು. ಅಜ್ಜಿಯ ಮುಖವನ್ನು ನೋಡಿದಳು. ಒಂದು ಕ್ಷಣ ಅವಳ ಕಣ್ಣು ಚಿಕ್ಕಂದಿನ ಹಾಗೆ ಮೆತ್ತಗಾಯಿತು.

"ಜಡ್ಜು ಕೇಳ್ತಾರಂತೆ ಅಜ್ಜಿ. ನಿನ್ನ ಇಷ್ಟದಿಂದ್ಲೇ ಕೊಡ್ತಿದ್ದೀಯಾ, ಇಲ್ಲಾ ಮನೇಲಿ ಯಾರಾದ್ರೂ ಇದಕ್ಕೆ ತಂದು ನಿಲ್ಲಿಸಿದ್ರಾ ಅಂತ. ನಿಲ್ಲಿಸಿದ್ರು ಅಂದ್ರೆ ಅಲ್ಲಿಗೇ ನಿಂತುಹೋಗುತ್ತಂತೆ, ಆಪರೇಷನ್ ಇಲ್ಲ, ಏನಿಲ್ಲ." ಅವಳು ಉಸಿರೆಳೆದುಕೊಂಡಳು. "ನಿನ್ನ ಹೆಸರು ಹೇಳ್ಲಾ?"

"ಹೇಳು!" ಎಂದಳು ನೊಯೆಲಿ. ಒಂದು ಗಳಿಗೆಯೂ ತಡೆಯಲಿಲ್ಲ. ಮುಖ ಅರಳಿತು, ಎರಡೂ ಕೈಯಿಂದ ಹುಡುಗಿಯ ತೋಳು ಅದುಮಿದಳು. "ಹೇಳು ನನ್ನ ಬಂಗಾರ, ನನ್ನ ಹೆಸರೇ ಹೇಳು. ಜೈಲಿಗೆ ಹಾಕಿದ್ರೂ ಹಾಕ್ಲಿ. ಅಜ್ಜಿಯೇ ಮಾಡಿದ್ದು ಅಂತ ಹೇಳು, ಹೇಳಿ ಮನೆಗೆ ಬಂದ್ಬಿಡು."

ಕಾರಿನ ಹಿಂದಿನ ಬಾಗಿಲು ತೆರೆದೇ ಇತ್ತು. ಒಳಗೆ ಮಲಗಿದ್ದ ಸೆವ್ರಿನ್ ಎಲ್ಲವನ್ನೂ ಕೇಳುತ್ತಿದ್ದಳು.

ರೊಮಾನ್ ಅಜ್ಜಿಯ ಬೆರಳುಗಳನ್ನು ಒಂದೊಂದಾಗಿ ತೋಳಿನಿಂದ ಬಿಡಿಸಿದಳು.

"ಸುಮ್ನೆ ಕೇಳಿದೆ," ಎಂದಳು. "ಈಗಲಾದ್ರೂ ಒಂದ್ಸಲ ಅಮ್ಮನ ಕಡೆ ನೋಡ್ತೀಯೇನೋ ಅಂತ."

ಆಮೇಲೆ ಅಮ್ಮನ ಕಾಲನ್ನು ಒಳಗೆ ಸರಿಸಿ ಹಿಂದಿನ ಬಾಗಿಲು ಹಾಕಿದಳು, ತಾನು ಮುಂದೆ ಕೂತಳು, ಹೊರಡಿ ಎಂದು ಡ್ರೈವರಿಗೆ ಹೇಳಿದಳು.